ಮೂವತ್ತಡಿ ದೂರದ ಆಯಸ್ಕಾಂತ

ಶಂಕರಪುರದಲ್ಲಿ ನನ್ನದಕ್ಕಿಂತ ದೊಡ್ಡ ವರ್ಕ್‌ಶಾಪ್ ಇಲ್ಲ. ಉದ್ದ ಹದಿನಾಲ್ಕು ಅಡಿ, ಅಗಲ ಎಂಟು ಅಡಿ. ನಮ್ಮಪ್ಪ ಕಾರು ಕೊಳ್ಳುತ್ತೇನೆಂದು ಕಟ್ಟಿಸಿ, ಕೊನೆಯವರೆಗೂ ಸೈಕಲ್ ನಿಲ್ಲಿಸಿದ ಶೆಡ್ಡು ಅದು. ಅಲ್ಲಿ ರಿಪೇರಿಯಾಗದ ಯಂತ್ರ ಈ ಭೂಮಿಯ ಮೇಲೆ ಇನ್ನೂ ತಯಾರಾಗಿಲ್ಲ. ಒಮ್ಮೆ ಒಬ್ಬರ ಕಿವಿಯ ಯಂತ್ರವನ್ನು ಸರಿಮಾಡಿಕೊಟ್ಟೆ. ಅವರು ಅದನ್ನು ಹಾಕಿಕೊಂಡು ರಾಮನವಮಿ ಸಂಗೀತ ಕಛೇರಿಗೆ ಹೋಗಿ, ‘ಇಷ್ಟು ವರ್ಷ ನಾನು ತಲೆದೂಗಿದ್ದು ಇದಕ್ಕಾ?’ ಎಂದು ನೊಂದುಕೊಂಡು, ಮರುದಿನವೇ ಬಂದು ಮೊದಲಿದ್ದ ಹಾಗೆ ಕೆಡಿಸಿಕೊಡಿ ಎಂದರು. ನಂಬದಿದ್ದರೆ ಬಿಡಿ.

ಇಲ್ಲಿ ‘ನಾನು’ ಅಂದರೆ ಇಬ್ಬರು. ಒಬ್ಬ ಚಕ್ರಪಾಣಿ, ಅಂದರೆ ಈ ಬರೆಯುತ್ತಿರುವವನು. ಇನ್ನೊಬ್ಬ ಆಂಜಿನಯ್ಯ. ಮೈಸೂರು ರಸ್ತೆಯ ಕಾರ್ಖಾನೆಯೊಂದರಲ್ಲಿ ನಾನು ಸ್ಟೋರ್ಸ್ ಗುಮಾಸ್ತ, ಅವನು ಫಿಟ್ಟರ್. ಆ ಕಾರ್ಖಾನೆ ನಡೆಯುತ್ತಿದ್ದದ್ದೇ ನಾನು ಕೊಡುತ್ತಿದ್ದ ನಟ್ಟು ಬೋಲ್ಟುಗಳಿಂದ. ಅವನ್ನು ತಕ್ಕ ಜಾಗದಲ್ಲಿ ಕೂರಿಸಿ ಬಿಗಿಯುವ ಸಣ್ಣಪುಟ್ಟ ಕೆಲಸ ಅವನದು. ಇಬ್ಬರೂ ಒಂದೇ ವರ್ಷ ನಿವೃತ್ತರಾದೆವು. ಆಮೇಲೆ ಅವನು ದಿನಾ ಬೆಳಿಗ್ಗೆ ಹತ್ತಕ್ಕೆ ಚಾಮರಾಜಪೇಟೆಯಿಂದ ನಡೆದು ಬರುತ್ತಿದ್ದ. ಅವನು ಮಿಕ್ಸಿ ಬಿಚ್ಚುತ್ತಿದ್ದ, ನಾನು ಮಿಕ್ಸಿಯ ತತ್ತ್ವವನ್ನು ಗಿರಾಕಿಗೆ ವಿವರಿಸುತ್ತಿದ್ದೆ. ಮೂವತ್ತು ವರ್ಷದಿಂದ ನನ್ನನ್ನು ‘ಗುರುಗಳೇ’ ಎಂದೇ ಕರೆಯುತ್ತಿದ್ದ. ಆ ಕರೆಯಲ್ಲಿ ಒಂದಿಷ್ಟು ಕೀಟಲೆ ಇದೆ ಎಂದು ನನ್ನ ಹೆಂಡತಿ ಆಂಡಾಳ್ ಹೇಳುತ್ತಿದ್ದಳು. ನನಗಂತೂ ಹಾಗೆ ಕೇಳಿಸಿದ್ದಿಲ್ಲ.

ಒಂದು ದಿನ ಎದುರುಮನೆಯ ನಿವೃತ್ತ ಹೆಡ್‌ಮಾಸ್ಟರ್ ಶ್ರೀನಿವಾಸಯ್ಯನವರ ಮಿಕ್ಸಿ ಬಿಚ್ಚುವಾಗ ಸಾಸಿವೆಯಷ್ಟು ಸ್ಕ್ರೂ ಒಂದು ಕೆಳಗೆ ಬಿತ್ತು. ಆಂಜಿನಯ್ಯ ಮಂಡಿಯೂರಿ ಬೆಂಚಿನ ಕೆಳಗೆ ಹುಡುಕಿದ. ಇಪ್ಪತ್ತು ನಿಮಿಷ ಹುಡುಕಿದ. ಎದ್ದಾಗ ಬೆಂಚು ಹಿಡಿದುಕೊಂಡೇ ಎದ್ದ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು, ಅಂಗಿ ಬೆನ್ನಿಗೆ ಅಂಟಿತ್ತು, ಉಸಿರು ತಿದಿಯ ಹಾಗೆ.

“ಏನಾಯ್ತೋ?”

“ವಯಸ್ಸಾಯ್ತು ಗುರುಗಳೇ. ಸ್ಕ್ರೂಗಳು ಮೊದಲಿನ ಥರ ಮಾತು ಕೇಳಲ್ಲ.”

“ಇವತ್ತಿಂದ ನೀನು ನೆಲಕ್ಕೆ ಬಗ್ಗೋದು ಬಂದ್,” ಎಂದೆ. “ಸ್ಕ್ರೂನೇ ಎದ್ದು ನಿನ್ನ ಹತ್ರ ಬರೋ ಹಾಗೆ ಮಾಡ್ತೀನಿ. ಹದಿನೈದು ದಿನ ಟೈಮ್ ಕೊಡು.”

“ತಗೊಳ್ಳಿ. ನಾನೂ ಹದಿನೈದು ದಿನ ಇರಲ್ಲ. ಮಾಗಡಿ ಕಡೆ ನೆಂಟರ ಮದುವೆ,” ಎಂದ.

ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕಿನೊಳಗೆ ಎರಡೆರಡು ಭಾರಿ ಆಯಸ್ಕಾಂತ ಇರುತ್ತವೆ ಎಂಬ ಸಂಗತಿ ನನಗೆ ಬಹಳ ಕಾಲದಿಂದ ಗೊತ್ತಿತ್ತು; ಅಂದರೆ ಹಿಂದಿನ ದಿನ ಫೋನಿನಲ್ಲಿ ವೀಡಿಯೊ ನೋಡಿದ್ದೆ. ಹಳೆಯ ಎಲೆಕ್ಟ್ರಾನಿಕ್ ಸಾಮಾನು ಮಾರುವ ಎಸ್.ಪಿ. ರಸ್ತೆಗೆ ಹೋಗಿ ಕೆಟ್ಟ ಡಿಸ್ಕುಗಳ ಒಂದು ಚೀಲ ಹೊತ್ತು ತಂದೆ. ಒಟ್ಟು ಹದಿನಾಲ್ಕು. ಬೀದಿಯವರು ಕೇಳಿದಾಗ ನೂರನಲವತ್ತು ಅಂದೆ. ಸೊನ್ನೆಗೆ ಬೆಲೆಯಿಲ್ಲ ಎಂದು ಶಾಲೆಯಲ್ಲೇ ಕಲಿಸಿದ್ದಾರಲ್ಲ.

ಈ ಡಿಸ್ಕಿಗೆ ಹಾಕಿರುವುದು ನಕ್ಷತ್ರದ ತಲೆಯ ಸ್ಕ್ರೂ. ಮಾಮೂಲಿ ಸ್ಕ್ರೂಡ್ರೈವರಿಗೆ ಜಗ್ಗುವುದಿಲ್ಲ, ಅದಕ್ಕೆ ಬೇರೆಯದೇ ಬೇಕು. ಮುಚ್ಚಳ ತೆಗೆದರೆ ಒಳಗೆ ಕನ್ನಡಿಯಂಥ ಬಿಲ್ಲೆ. ಆಂಡಾಳ್ ಅದರಲ್ಲಿ ನೋಡಿಕೊಂಡು ಹಣೆಯ ಬೊಟ್ಟು ಸರಿಮಾಡಿಕೊಂಡಳು. ಮೂಲೆಯಲ್ಲಿ ಎರಡು ಕಬ್ಬಿಣದ ತಗಡು, ಅವಕ್ಕೆ ಅಂಟಿಕೊಂಡು ಅರ್ಧ ಮುರಿದ ಕೋಡುಬಳೆಯ ಆಕಾರದ ಆಯಸ್ಕಾಂತ. ಮೀಟಿ ತೆಗೆಯಲು ಹೋದರೆ ಬಿಸ್ಕತ್ತಿನ ಹಾಗೆ ಚೂರಾಗುತ್ತದೆ. ತಗಡನ್ನು ಬೆಂಚಿನ ಮೇಲಿನ ವೈಸಿನ ದವಡೆಗೆ ಸಿಕ್ಕಿಸಿ, ಇಕ್ಕಳದಲ್ಲಿ ಹಿಡಿದು ನಿಧಾನಕ್ಕೆ ಬಗ್ಗಿಸಿದರೆ ‘ಟಕ್’ ಎಂದು ಬಿಟ್ಟುಕೊಳ್ಳುತ್ತದೆ. ಹೀಗೆ ತೆಗೆದ ಎರಡನ್ನು ಅಪ್ಪಿತಪ್ಪಿ ಹತ್ತಿರ ಇಟ್ಟಿರೋ, ನಡುವೆ ಯಾರ ಬೆರಳಿದೆ ಎಂದು ಅವು ವಿಚಾರಿಸುವುದಿಲ್ಲ. ನನ್ನ ಹೆಬ್ಬೆರಳು ಬದನೆಕಾಯಿಯ ಬಣ್ಣಕ್ಕೆ ಬಂತು.

ಹದಿನೈದು ದಿನದಲ್ಲಿ ಇಪ್ಪತ್ತೆಂಟು ಆಯಸ್ಕಾಂತ. ಗೋಡೆಗೆ ಸಾಲಾಗಿ ಕೂರಿಸಿದೆ. ಸ್ಪ್ಯಾನರು, ಇಕ್ಕಳ, ಸುತ್ತಿಗೆ ಎಲ್ಲ ಹಲ್ಲಿಗಳ ಹಾಗೆ ಗೋಡೆ ಹಿಡಿದವು. ಕೋಲಿನ ತುದಿಗೆ ಒಂದು ಕಟ್ಟಿದೆ. ನಿಂತಲ್ಲಿಂದಲೇ ನೆಲದ ಸ್ಕ್ರೂ ಎತ್ತಬಹುದು. ಬೆಂಚಿನ ಕೆಳಗೆ, ಬಾಗಿಲಿನ ಪಟ್ಟಿಗೆ, ಲೋಟ ಜಾರದಿರಲೆಂದು ಕಾಫಿ ತಟ್ಟೆಯ ಅಡಿಗೆ, ನನ್ನ ಅಂಗಿಯ ಜೇಬಿಗೆ. ಉಳಿದವನ್ನು ಎಲ್ಲೆಲ್ಲಿ ಇಟ್ಟೆನೋ ನನಗೇ ನೆನಪಿಲ್ಲ.

“ಎಷ್ಟು ದೂರದಿಂದ ಎಳೆಯುತ್ತೆ?” ಎಂದರು ಶ್ರೀನಿವಾಸಯ್ಯ.

ನಿಜಕ್ಕೂ ಎರಡು ಇಂಚಿನಿಂದ ಎಳೆಯುತ್ತಿತ್ತು. “ಮೂವತ್ತಡಿ,” ಎಂದೆ. “ಸ್ಕೂಟರನ್ನ ದೂರ ನಿಲ್ಲಿಸ್ಕೊಳ್ಳಿ.”

ಅವರು ಆ ದಿನದಿಂದ ಸ್ಕೂಟರನ್ನು ಪಕ್ಕದ ಬೀದಿಯಲ್ಲಿ ನಿಲ್ಲಿಸತೊಡಗಿದರು. ಮೂವತ್ತೈದು ವರ್ಷ ಮಕ್ಕಳಿಗೆ ವಿಜ್ಞಾನ ಪಾಠ ಮಾಡಿದವರು.

ಹದಿನೇಳನೆಯ ದಿನ ಆಂಜಿನಯ್ಯ ಗೇಟಿನ ಬಳಿ ಕಾಣಿಸಿದ. ಇಳಿದುಹೋಗಿದ್ದ. ಎಡಗೈಯನ್ನು ಮೈಗೆ ಒತ್ತಿಕೊಂಡಿದ್ದ. ಮದುವೆ ಊಟ ಒಗ್ಗಲಿಲ್ಲವೆಂದು ತಿಳಿದು, ನಾನು ತಡಮಾಡದೆ ಪ್ರದರ್ಶನ ಶುರುಮಾಡಿದೆ. ಸ್ಪ್ಯಾನರೊಂದನ್ನು ಗೋಡೆಯತ್ತ ಎಸೆದೆ. ಅದು ‘ಠಣ್’ ಎಂದು ಅಂಟಿಕೊಂಡಿತು.

“ನೋಡಿದ್ಯಾ? ಕಂಪ್ಯೂಟರ್ ಹೊಟ್ಟೆ ಸೀಳಿ ತೆಗ್ದಿದೀನಿ. ಲೋಕದಲ್ಲೇ ಬಲವಾದ ಆಯಸ್ಕಾಂತ! ಮೂವತ್ತಡಿ ದೂರದಲ್ಲಿರೋ ಕಬ್ಬಿಣಾನ ಎಳ್ಕೊಂಡ್ಬಿಡುತ್ತೆ. ಜೇಬಲ್ಲೂ ಒಂದಿದೆ. ಬಾ, ಒಳಗೆ ಬಾ!” ಎಂದು ಎರಡೂ ಕೈ ಚಾಚಿ ಅವನನ್ನು ತಬ್ಬಿಕೊಳ್ಳಲು ಹೋದೆ.

ಆಂಜಿನಯ್ಯ ಒಂದು ಹೆಜ್ಜೆ ಹಿಂದೆ ಸರಿದ. ಇನ್ನೊಂದು ಹೆಜ್ಜೆ. ಆಮೇಲೆ ತಿರುಗಿ ರಸ್ತೆ ದಾಟಿ ಎದುರಿನ ಹೊಂಗೆಮರದ ಕೆಳಗೆ ನಿಂತ.

“ಇಲ್ಲೇ ಇರ್ತೀನಿ ಗುರುಗಳೇ. ಗಾಳಿ ಚೆನ್ನಾಗಿದೆ.”

ಗಾಳಿಯ ವಿಷಯದಲ್ಲಿ ಅವನು ಎಂದೂ ಆಸಕ್ತಿ ತೋರಿಸಿದವನಲ್ಲ. ಆದರೂ ಮರುದಿನವೂ ಹತ್ತಕ್ಕೆ ಬಂದ, ಅಲ್ಲೇ ನಿಂತ, ಹನ್ನೆರಡೂವರೆಗೆ ಹೋದ. ಅದರ ಮರುದಿನವೂ. ಮರದ ಬುಡದಲ್ಲಿ ಒಂದು ಕಲ್ಲಿತ್ತು. ಮೂರನೆಯ ದಿನದಿಂದ ಅದರ ಮೇಲೆ ಕುಳಿತ. ಮೊದಲೆಲ್ಲ ಎರಡೂ ಕೈ ಎತ್ತಿ ನಮಸ್ಕಾರ ಮಾಡುತ್ತಿದ್ದವನು ಈಗ ಬಲಗೈಯನ್ನು ಮಾತ್ರ ಆಡಿಸುತ್ತಿದ್ದ, ಮಂತ್ರಿಗಳು ಕಾರಿನೊಳಗಿಂದ ಆಡಿಸಿದ ಹಾಗೆ. ವಾರಗಟ್ಟಲೆ ನಾನು ಶೆಡ್ಡಿನಿಂದ ಕೂಗುತ್ತಿದ್ದೆ, ಅವನು ಮರದಡಿಯಿಂದ ಉತ್ತರಿಸುತ್ತಿದ್ದ, ನಡುವೆ ಆಟೋಗಳು ಓಡಾಡುತ್ತಿದ್ದವು.

“ಆಂಜಿನಯ್ಯಾ, ಈ ಕಾರ್ಬನ್ ಬ್ರಶ್ಶು ಯಾವ ಕಡೆ ಮುಖ?”

“ಎಡಕ್ಕೆ ಗುರುಗಳೇ!”

“ನನ್ನ ಎಡಕ್ಕಾ, ನಿನ್ನ ಎಡಕ್ಕಾ?”

ಅಷ್ಟರಲ್ಲಿ ಒಂದು ನೀರಿನ ಟ್ಯಾಂಕರ್ ಬಂದು ನಿಂತಿತು. ಶ್ರೀನಿವಾಸಯ್ಯನವರ ಮಿಕ್ಸಿಯನ್ನು ನಾನೊಬ್ಬನೇ ಜೋಡಿಸಿದೆ. ಅದು ಅವರ ಅಡುಗೆಮನೆಯಲ್ಲಿ ತೆಂಗಿನಕಾಯಿಯನ್ನು ರುಬ್ಬದೆ ಸೂರಿಗೆ ಬಳಿಯಿತು.

ಅವನಿಗೆ ಹೊಟ್ಟೆಕಿಚ್ಚು ಎಂದು ನಾನು ತೀರ್ಮಾನಿಸಿದೆ. ನನ್ನಂಥ ಬುದ್ಧಿವಂತರಿಗೆ ಇಂಥ ತೀರ್ಮಾನಗಳು ಬೇಗ ಹೊಳೆಯುತ್ತವೆ. ಬೀದಿಗೆ ಮಾತ್ರ ಬೇರೆ ಹೊಳೆಯಿತು.

“ಏನ್ರೀ ಚಕ್ರಪಾಣಿ,” ಎಂದು ಶ್ರೀನಿವಾಸಯ್ಯ ಒಂದು ಸಂಜೆ ಗೇಟಿನ ಹೊರಗೇ ನಿಂತು ಕೇಳಿದರು. “ಈ ಕಾಲದಲ್ಲೂ ಹೀಗಾ? ಅಷ್ಟು ವಯಸ್ಸಾದ ಮನುಷ್ಯನ್ನ ಹೊರಗೆ ನಿಲ್ಲಿಸೋದಾ?”

“ನಾನೆಲ್ಲಿ ನಿಲ್ಲಿಸಿದೀನಿ? ಅವನೇ ನಿಂತಿದಾನೆ!”

“ಯಾರಾದ್ರೂ ಬಿಸಿಲಲ್ಲಿ ತಾವಾಗೇ ನಿಂತ್ಕೋತಾರೇನ್ರೀ? ನಿಮ್ಮನೇಲಿ ಮೊದ್ಲೂ ಹೀಗೇ ಇತ್ತಲ್ಲ. ನಿಮ್ಮ ತಾಯಿ ಇದ್ದಾಗ ಆಂಜಿನಯ್ಯನವರಿಗೆ ಕಾಫಿ ಗೇಟಿನ ಹತ್ರಾನೇ ಬರ್ತಿತ್ತು. ಲೋಟಾನೂ ಬೇರೆ. ನಾನು ಕಣ್ಣಾರೆ ನೋಡಿದೀನಿ.”

ಈ ಮಾತಿಗೆ ನಾನು ನೂರು ಉತ್ತರ ಕೊಡಬಲ್ಲವನಾಗಿದ್ದೆ. ಆದರೆ ಅದು ನಿಜ. ಇಪ್ಪತ್ತೈದು ವರ್ಷದ ಹಿಂದೆ ಎರಡು ವರ್ಷ ಹಾಗೇ ನಡೆದಿತ್ತು. ಗೇಟಿನ ಕಂಬದ ಮೇಲೆ ಲೋಟ ಇಡುತ್ತಿದ್ದರು, ಅವನು ಕುಡಿದು ತೊಳೆದು ಅಲ್ಲೇ ಬೋರಲು ಹಾಕುತ್ತಿದ್ದ. ಲೋಕದ ಎಲ್ಲ ವಿಷಯಕ್ಕೂ ಬಾಯಿ ಹಾಕುವ ನಾನು ಆ ಎರಡು ವರ್ಷ ಬಾಯಿ ತೆರೆದಿರಲಿಲ್ಲ. ಅಮ್ಮ ಹೋದ ಮೇಲೆ ಆಂಡಾಳ್ ತಾನಾಗಿಯೇ ಆ ಲೋಟವನ್ನು ಎಸೆದು ಅವನನ್ನು ಒಳಗೆ ಕರೆದು ಕೂರಿಸಿದ್ದಳು.

ಈಗ ಆಂಡಾಳ್ ಅಳತೊಡಗಿದಳು. “ನಾನೇನೋ ಮಾಡಿದೀನಿ. ಕಾಫಿ ಕೊಡುವಾಗ ಮುಖ ಸಿಂಡರಿಸಿದೀನೇನೋ.”

“ನಿನ್ನ ಮುಖ ಇರೋದೇ ಹಾಗೆ, ಅವನಿಗೆ ಅಭ್ಯಾಸ ಆಗಿದೆ,” ಎಂದು ಸಮಾಧಾನ ಮಾಡಿದೆ. ಸಮಾಧಾನ ಆಗಲಿಲ್ಲ.

ಮರುದಿನ ಅವಳು ತಟ್ಟೆಯಲ್ಲಿ ಕಾಫಿ ಇಟ್ಟುಕೊಂಡು, ಸೆರಗು ಸರಿಮಾಡಿಕೊಂಡು, ರಸ್ತೆ ದಾಟಿದಳು. ಇಡೀ ಬೀದಿ ಕಿಟಕಿಗೆ ಬಂತು. ನೂರು ಕಿಟಕಿ, ಇನ್ನೂರು ಕಣ್ಣು. ಆಂಜಿನಯ್ಯ ಸಂತೋಷದಿಂದಲೇ ಎದ್ದ, ಕೈ ಚಾಚಿದ. ನೋಡುತ್ತಾನೆ, ಆಂಡಾಳಿನ ಕೈಯಲ್ಲಿ ತಟ್ಟೆ ವಾಲಿದೆ, ಲೋಟ ಮಾತ್ರ ಅಲುಗಾಡದೆ ನಿಂತಿದೆ. ಅಡಿಯಲ್ಲಿ ನನ್ನ ಆಯಸ್ಕಾಂತ! ಆಂಜಿನಯ್ಯ ಚಾಚಿದ ಕೈಯನ್ನು ಎದೆಗೆ ಎಳೆದುಕೊಂಡು ನಾಲ್ಕು ಹೆಜ್ಜೆ ಹಿಂದೆ ಹೋದ.

“ಬೇಡಮ್ಮ. ಹತ್ರ ಬರಬೇಡಿ. ದೂರ ಇರಿ ತಾಯಿ.”

ಆಂಡಾಳ್ ರಸ್ತೆಯ ಅಂಚಿನಲ್ಲಿ ನಿಂತೇಬಿಟ್ಟಳು. ಒಂದು ಆಟೋ ಅವಳನ್ನು ಸುತ್ತುಹಾಕಿಕೊಂಡು ಹೋಯಿತು. ಅವಳು ವಾಪಸ್ ಬಂದು ಕಾಫಿಯನ್ನು ತುಳಸಿಕಟ್ಟೆಯ ಪಕ್ಕದ ಮೋರಿಗೆ ಸುರಿದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹತ್ತು ನಿಮಿಷದೊಳಗೆ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಶ್ರೀನಿವಾಸಯ್ಯನವರ ದೀರ್ಘ ಸಂದೇಶ ಬಂತು: ವೃದ್ಧ ಕಾರ್ಮಿಕರೊಬ್ಬರನ್ನು ಎಂಟು ವಾರದಿಂದ ರಸ್ತೆಯಲ್ಲಿ ನಿಲ್ಲಿಸಲಾಗಿದೆ, ಅವರು ಸ್ವಾಭಿಮಾನದಿಂದ ಕಾಫಿ ನಿರಾಕರಿಸಿದ್ದಾರೆ, ಬೀದಿಗೆ ನಾಚಿಕೆಗೇಡು. ಕೆಳಗೆ ನಲವತ್ತು ಜನ ಕೈಮುಗಿದ ಚಿತ್ರ ಹಾಕಿದ್ದರು. ಅದರಲ್ಲಿ ಒಂದನ್ನು, ಗಾಬರಿಯಲ್ಲಿ, ನಾನೇ ಹಾಕಿದ್ದೆ.

ಸಂದೇಶ ಎಲ್ಲೆಲ್ಲಿ ತಿರುಗಿತೋ, ಮರುದಿನ ಹನ್ನೊಂದಕ್ಕೆ ಬೀಟ್ ಕಾನ್‌ಸ್ಟೇಬಲ್ ನಂದೀಶ್ ಬಂದ.

“ಏನ್ ಸಾರ್, ಯಾರನ್ನೋ ಹೊರಗೆ ನಿಲ್ಸಿದೀರಂತೆ. ಇದು ತುಂಬಾ ಸೀರಿಯಸ್ ಮ್ಯಾಟ್ರು. ನೇರವಾಗಿ ಒಳಗೆ ಹಾಕ್ತಾರೆ,” ಎಂದು ಬೆದರಿಸಲು ನನ್ನ ಮೇಲೆ ಬಾಗಿದ. ತನ್ನ ಬೆಲ್ಟಿನಲ್ಲಿ ತೂಗುತ್ತಿದ್ದ ಕೀ ಗೊಂಚಲನ್ನು ಕೈಗೆ ತೆಗೆದುಕೊಂಡು ನನ್ನ ಎದೆಯ ಮುಂದೆ ಆಡಿಸಿದ. ಅದು ಪಟ್ಟನೆ ನನ್ನ ಜೇಬಿಗೆ ಅಂಟಿತು.

“ಬಿಡ್ರೀ ಕೀನ!”

“ನಾನು ಹಿಡ್ದಿಲ್ಲ!”

“ಸರ್ಕಾರಿ ಗಾಡಿ ಕೀ ಅದು!” ಎಂದು ಎಳೆದ. ಜೇಬು ಹರಿಯಿತು. ಬೀದಿಯ ಕಿಟಕಿಗಳಿಂದ ನಗು.

ಆ ಜಗ್ಗಾಟದ ನಡುವೆಯೇ ಒಂದು ಬೈಕು ಬಂದು ನಿಂತಿತು. ಆಂಜಿನಯ್ಯನ ಮಗ ರವಿಕುಮಾರ್. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಹಿಂದೆ ಅವನ ತಾಯಿ ಹನುಮಕ್ಕ.

“ಅಂಕಲ್, ಚಿಕ್ಕಂದಿನಿಂದ ನಿಮ್ಮನ್ನ ನೋಡಿದೀನಿ. ನೀವು ಹೀಗೆ ಮಾಡ್ತೀರ ಅಂದ್ಕೊಂಡಿರ್ಲಿಲ್ಲ. ಆಪರೇಷನ್ ಆಗಿರೋ ಮನುಷ್ಯ! ಎದೇಲಿ ಪೇಸ್‌ಮೇಕರ್ ಇಟ್ಕೊಂಡು ದಿನಾ ನಿಮ್ಮನೇಗೆ ಅಂತ ನಡ್ಕೊಂಡ್ ಬರ್ತಾರೆ. ಅವರನ್ನ ಕಲ್ಲಿನ ಮೇಲೆ ಕೂರಿಸ್ತೀರಲ್ಲ!”

ನಂದೀಶ್ ಕೀ ಎಳೆಯುವುದನ್ನು ನಿಲ್ಲಿಸಿದ. ಕಿಟಕಿಗಳ ನಗುವೂ ನಿಂತಿತು.

“ಏನು ಇಟ್ಕೊಂಡು?” ಎಂದೆ.

“ನಿಮಗೆ ಹೇಳಿಲ್ವಾ?” ಎಂದು ಅವನು ಮರದ ಕಡೆ ತಿರುಗಿದ. ಆಂಜಿನಯ್ಯ ಎದ್ದು ನಿಂತಿದ್ದ. ಹತ್ತಿರ ಬರಲಿಲ್ಲ. ಅಲ್ಲಿಂದಲೇ ಮಾತಾಡಿದ, ಮೆಲ್ಲಗೆ. ಆ ಕ್ಷಣಕ್ಕೆ ಒಂದು ಆಟೋ ಕೂಡ ಬರಲಿಲ್ಲ.

“ಮದುವೆ ಇರ್ಲಿಲ್ಲ ಗುರುಗಳೇ. ಆಸ್ಪತ್ರೇಲಿದ್ದೆ. ಎದೆ ಬಡ್ಕೊಳ್ಳೋದು ಮರೀತಿತ್ತಂತೆ, ಜ್ಞಾಪಿಸೋಕೆ ಒಂದು ಯಂತ್ರ ಇಟ್ಟಿದಾರೆ. ಆಯಸ್ಕಾಂತದ ಹತ್ರ ಹೋಗ್ಬೇಡಿ ಅಂದ್ರು.”

“ನಂಗೆ ಹೇಳೋಕೇನಾಗಿತ್ತೋ?”

“ನಿಮಗಾ? ನಿಮಗೆ ಹೇಳಿದ್ರೆ ಆಂಜಿನಯ್ಯನ ಎದೇಲಿ ಟ್ರಾನ್ಸ್‌ಫಾರ್ಮರ್ ಕೂರ್ಸಿದಾರೆ, ಅವನ ಕರೆಂಟಲ್ಲಿ ಇಡೀ ಚಾಮರಾಜಪೇಟೆ ಲೈಟು ಉರೀತಿದೆ ಅಂತ ಗಾಂಧಿಬಜಾರ್‌ವರೆಗೂ ಸಾರ್ತಿದ್ರಿ. ಆಮೇಲೆ ನನ್ನ ಕೈಗೆ ಯಾರು ಮಿಕ್ಸಿ ಕೊಡ್ತಿದ್ರು?”

ಶ್ರೀನಿವಾಸಯ್ಯನವರ ಕಿಟಕಿಯಿಂದ ಒಂದು ಕೆಮ್ಮು ಬಂತು.

“ಡಾಕ್ಟ್ರು ಎಷ್ಟು ದೂರ ಇರು ಅಂದ್ರು?” ಎಂದು ಕೇಳಿದೆ.

“ಒಂದು ಗೇಣು.”

“ಒಂದು ಗೇಣಾ! ಮತ್ತೆ ಅಲ್ಲೀವರೆಗೂ ಯಾಕೆ ಹೋಗಿ ಕೂತೆ?”

“ಡಾಕ್ಟ್ರು ಗೇಣು ಅಂದ್ರು. ನೀವು ಮೂವತ್ತಡಿ ಅಂದ್ರಿ. ಮೂವತ್ತು ವರ್ಷ ಜೊತೇಲಿದ್ದು ನಿಮ್ಮ ಮಾತು ನಂಬ್ದೇ ಇರೋಕಾಗುತ್ತಾ ಗುರುಗಳೇ?”

ಅವನು ನಗುತ್ತಿದ್ದನೋ ಇಲ್ಲವೋ ಅಷ್ಟು ದೂರದಿಂದ ತಿಳಿಯಲಿಲ್ಲ. ಅವರೆಲ್ಲ ಹೋದ ಮೇಲೆ ಟೇಪು ಹಿಡಿದು ಅಳೆದೆ. ಶೆಡ್ಡಿನ ಗೋಡೆಯಿಂದ ಆ ಕಲ್ಲಿಗೆ ಮೂವತ್ತೊಂದು ಅಡಿ. ಒಂದು ಅಡಿ ಜಾಸ್ತಿ ಬಿಟ್ಟುಕೊಂಡಿದ್ದ. ಫಿಟ್ಟರನ ಕಣ್ಣಳತೆ.

ಮರುದಿನ ಬೆಳಿಗ್ಗೆಯಿಂದ ಆಯಸ್ಕಾಂತ ಕೀಳುವ ಕೆಲಸ ಹಿಡಿದೆ. ಅಂಟಿಸುವಾಗ ತೋರಿದ ಉತ್ಸಾಹ ಅವಕ್ಕೆ ಬಿಡುವಾಗ ಇರಲಿಲ್ಲ. ಆರು ಉಗುರು ಕಪ್ಪಾದವು. (ಎರಡು.) ಎಲ್ಲವನ್ನೂ ಒಂದು ಡಬ್ಬಿಗೆ ತುಂಬಿ ಹಿತ್ತಲಲ್ಲಿಟ್ಟು ಚಾಮರಾಜಪೇಟೆಗೆ ಓಡಿದೆ.

“ಬಂದ್ಬಿಡು ಆಂಜಿನಯ್ಯ. ಶೆಡ್ಡಲ್ಲಿ ಒಂದೂ ಇಲ್ಲ. ಆಣೆ.”

ಆಂಜಿನಯ್ಯ ಚಪ್ಪಲಿ ಹುಡುಕತೊಡಗಿದ. ಹನುಮಕ್ಕ ಅಡ್ಡ ನಿಂತಳು.

“ನಿಮ್ಮ ಆಣೆ ನೋಡಿದೀನಿ ಅಯ್ನೋರೆ. ಒಂದು ಅನ್ನೋ ಕಡೆ ಹತ್ತು ಅಂತೀರ. ಈಗ ಒಂದೂ ಇಲ್ಲ ಅಂದ್ರೆ ಎಷ್ಟು ಅಂತ ತಿಳ್ಕೊಳ್ಳಲಿ? ನಾನೇ ಬಂದು ನೋಡ್ತೀನಿ.”

ಬಂದಳು. ಒಂದು ಹೊಲಿಗೆ ಸೂಜಿಗೆ ದಾರ ಪೋಣಿಸಿ ಹಿಡಿದುಕೊಂಡು, ಶೆಡ್ಡಿನ ಮೂಲೆಮೂಲೆಗೆ ತೂಗಾಡಿಸುತ್ತಾ ನಡೆದಳು. ಗಂಡ ಕಲಿಸಿಕೊಟ್ಟ ಉಪಾಯ. ಎಲ್ಲಾದರೂ ಆಯಸ್ಕಾಂತ ಇದ್ದರೆ ಸೂಜಿ ಆ ಕಡೆ ವಾಲುತ್ತದೆ. ಹಿಂದೆ ನಾನು, ನನ್ನ ಹಿಂದೆ ಆಂಡಾಳ್, ಗೇಟಿನಲ್ಲಿ ಶ್ರೀನಿವಾಸಯ್ಯ. ದೇವರ ಉತ್ಸವಕ್ಕೂ ನಮ್ಮ ಬೀದಿಯಲ್ಲಿ ಅಷ್ಟು ಶಿಸ್ತಿನ ಮೆರವಣಿಗೆ ನಡೆದಿರಲಿಕ್ಕಿಲ್ಲ. ಬೆಂಚು ಸರಿ. ಬಾಗಿಲು ಸರಿ. ಕಾಫಿ ತಟ್ಟೆ ಸರಿ. ನನ್ನ ಹೊಸ ಅಂಗಿಯ ಜೇಬನ್ನೂ ನೋಡಿದಳು, ಸರಿ.

“ಡಬ್ಬೀಲಿ ಎಷ್ಟಿವೆ?”

ಎಣಿಸಿದೆ. ಇಪ್ಪತ್ತೇಳು.

“ಎಷ್ಟಿರ್ಬೇಕು?”

“ಇಪ್ಪತ್ತೆಂಟು.”

ಮೊಳೆಗೆ ನೇತುಹಾಕಿದ್ದ ಒಂದು ಹೊಸ ಖಾಕಿ ಏಪ್ರನ್ನಿನ ಹತ್ತಿರ ಸೂಜಿ ಹೋಯಿತು. ವಾಲಲಿಲ್ಲ, ಹಾರಿತು. ದಾರ ಬಿಗಿಯಾಗಿ ನಿಂತಿತು. ಎಡಗಡೆಯ ಎದೆಜೇಬು. ಬಿಚ್ಚಿದ ಸ್ಕ್ರೂಗಳು ಬೀಳದೆ ಎದೆಯ ಮೇಲೇ ಅಂಟಿಕೊಂಡಿರಲಿ ಎಂದು ಒಳಪದರದಲ್ಲಿ ಇಟ್ಟು ಹೊಲಿಸಿದ್ದೆ. ಹೊಲಿದವಳು ಆಂಡಾಳ್. ಅವನಿಗೆ ಬಂದ ದಿನವೇ ತೊಡಿಸಬೇಕೆಂದಿದ್ದೆ. ಪ್ರದರ್ಶನದ ಗಡಿಬಿಡಿಯಲ್ಲಿ ಮರೆತಿದ್ದೆ.

“ಇದು ಯಾರದು?” ಎಂದಳು ಹನುಮಕ್ಕ.

ಆಂಡಾಳ್ ಹೇಳಿದಳು. “ಅವ್ರಿಗೇನೇ ಹನುಮಕ್ಕ. ಅವ್ರಿಗೆ ಅಂತಾನೇ ಹೊಲಿದೆ.” ಹೇಳಿ ಅಲ್ಲೇ ನೆಲದ ಮೇಲೆ ಕುಳಿತಳು. ಹನುಮಕ್ಕ ಬೈಯುತ್ತಾಳೆಂದು ನಾನು ಕಾದೆ. ಅವಳು ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು, ಏಪ್ರನ್ನನ್ನು ಕೆಳಗಿಳಿಸಿ, ಆಂಡಾಳ್ ಪಕ್ಕ ಕುಳಿತು, ಹಲ್ಲಿನಿಂದ ಆ ಹೊಲಿಗೆಯನ್ನು ಒಂದೊಂದಾಗಿ ಕಿತ್ತಳು. ಆಯಸ್ಕಾಂತ ತೆಗೆದು ನನ್ನ ಕೈಗೆ ಕೊಟ್ಟಳು. ಜೇಬನ್ನು ಮತ್ತೆ ಹೊಲಿದಳು.

“ನಾಳೆಯಿಂದ ಕಳಿಸ್ತೀನಿ,” ಎಂದಳು.

ಡಬ್ಬಿಯನ್ನು ಅಂದೇ ಎಸ್.ಪಿ. ರಸ್ತೆಗೆ ಒಯ್ದು ಕೊಟ್ಟುಬಂದೆ.

ಆಂಜಿನಯ್ಯ ಬಂದ. ಏಪ್ರನ್ ತೊಟ್ಟು ಸ್ಟೂಲಿನ ಮೇಲೆ ಕೂತ. ಮೊದಲು ಶ್ರೀನಿವಾಸಯ್ಯನವರ ಮಿಕ್ಸಿ ತೆಗೆದು ನಾನು ಜೋಡಿಸಿದ್ದನ್ನು ನೋಡಿದ, ಬಹಳ ಹೊತ್ತು ನೋಡಿದ. “ಗುರುಗಳೇ, ಇದನ್ನ ಕಾರ್ಖಾನೆಯವ್ರಿಗೆ ತೋರ್ಸಿ. ಇಂಥದ್ದು ಅವ್ರಿಗೂ ಮಾಡೋಕೆ ಬರಲ್ಲ,” ಎಂದ. ಆಗ ನನಗೂ ಆ ದನಿ ಕೇಳಿಸಿತು, ಆಂಡಾಳ್ ಹೇಳುತ್ತಿದ್ದದ್ದು. ಎಷ್ಟು ಹಿತವಾಗಿತ್ತು ಅಂತೀರಿ.

ಸ್ಕ್ರೂಗಳು ಮತ್ತೆ ಬೀಳತೊಡಗಿದವು. ಬಿದ್ದಾಗ ನಾನು ಮಂಡಿಯೂರಿ ಹುಡುಕುತ್ತಿದ್ದೆ. ಅವನು ಮೇಲಿನಿಂದ “ಸ್ವಲ್ಪ ಬಲಕ್ಕೆ. ಇನ್ನೂ ಬಲಕ್ಕೆ. ನನ್ನ ಬಲ ಗುರುಗಳೇ,” ಎನ್ನುತ್ತಿದ್ದ. ಕೆಲವು ಸಲ ಸ್ಕ್ರೂ ಅವನ ಅಂಗೈಯಲ್ಲೇ ಇರುತ್ತಿತ್ತು.

ಗಿರಾಕಿಗಳಿಗೆ ವಿವರಿಸುವ ಕೆಲಸವನ್ನು ನಾನು ಬಿಟ್ಟಿದ್ದೆ. ಕೇಳಿದರೆ ‘ಅವರನ್ನ ಕೇಳಿ’ ಎನ್ನುತ್ತಿದ್ದೆ. ಅವನಿಗೆ ವಿವರಿಸಲು ಬರುತ್ತಿರಲಿಲ್ಲ. “ಕೆಟ್ಟಿತ್ತು, ಸರಿಹೋಯ್ತು,” ಎನ್ನುತ್ತಿದ್ದ. ಜನ ಅಷ್ಟಕ್ಕೇ ಒಪ್ಪಿ ಹೋಗುತ್ತಿದ್ದರು. ಇದು ನನಗೆ ಸ್ವಲ್ಪ ಅವಮಾನವೇ.

ಒಂದು ಶುಕ್ರವಾರ ಹತ್ತು ಗಂಟೆಯಾಯಿತು, ಅವನು ಬರಲಿಲ್ಲ. ಹತ್ತೂಕಾಲಿಗೆ ರವಿಕುಮಾರ್ ಫೋನ್ ಮಾಡಿದ. ಬೆಳಿಗ್ಗೆ ಸ್ನಾನಕ್ಕೆ ನೀರು ತೋಡಿಕೊಳ್ಳುವಾಗ ಕುಸಿದನಂತೆ. ಆಸ್ಪತ್ರೆಯ ಬಾಗಿಲು ಮುಟ್ಟುವ ಮೊದಲೇ ಮುಗಿದಿತ್ತಂತೆ. ಆಯಸ್ಕಾಂತದಿಂದಲೇ ಎಂದು ಬೀದಿಯಲ್ಲಿ ಮಾತು ಹುಟ್ಟಿತು. ನಾನು ಡಾಕ್ಟರನ್ನೇ ಹೋಗಿ ಕೇಳಿದೆ. ಯಂತ್ರ ಕಡೇವರೆಗೂ ಸರಿಯಾಗಿಯೇ ನಡೆದಿದೆ, ಹೃದಯದ ಸ್ನಾಯುವೇ ಸೋತುಹೋಗಿತ್ತು, ಇನ್ನು ಕೆಲವೇ ತಿಂಗಳೆಂದು ಮೊದಲೇ ಮನೆಯವರಿಗೆ ಹೇಳಿದ್ದೆವು ಎಂದರು. ಕೆಲವೇ ತಿಂಗಳು. ಅದರಲ್ಲಿ ಎಂಟು ವಾರ ಅವನು ಕಲ್ಲಿನ ಮೇಲೆ ಕಳೆದಿದ್ದ.

ಮೂರನೆಯ ದಿನದ ಹಾಲುತುಪ್ಪ ಮುಗಿದ ಮೇಲೆ ಚಾಮರಾಜಪೇಟೆಯ ಅವರ ಮನೆಗೆ ಹೋದೆವು. ಚಿಕ್ಕ ನಡುಮನೆ. ಗೋಡೆಯಲ್ಲಿ ಬುದ್ಧನ ಚಿತ್ರ, ಪಕ್ಕದಲ್ಲಿ ಮನೆದೇವರು, ಕೆಳಗೆ ಕುರ್ಚಿಯ ಮೇಲೆ ಹಾರ ಹಾಕಿದ ಅವನ ಫೋಟೊ. ಕಾರ್ಖಾನೆಯ ಗುರುತಿನ ಚೀಟಿಯಿಂದ ದೊಡ್ಡದು ಮಾಡಿಸಿದ್ದು. ಕೂದಲು ಕಪ್ಪಗಿತ್ತು. ಮಾಗಡಿಯಿಂದ ಬಂದ ನೆಂಟರು ಚಾಪೆಯ ಮೇಲೆ ಕುಳಿತಿದ್ದರು. ಶ್ರೀನಿವಾಸಯ್ಯನವರೂ ಬಂದಿದ್ದರು.

ಹನುಮಕ್ಕ ಗೋಡೆಗೆ ಒರಗಿದ್ದಳು. ನೆಂಟರಿಗೆ ನನ್ನನ್ನು ತೋರಿಸಿದಳು. “ಇವ್ರೇ ಶಂಕರಪುರದ ಅಯ್ನೋರು. ಮೂವತ್ತು ವರ್ಷದ ಸ್ನೇಹ. ಇವ್ರ ಮಾತು ಕೇಳ್ಬೇಕು ನೀವು.” ಆಮೇಲೆ ನನ್ನ ಕಡೆ ತಿರುಗಿದಳು. “ಏನಾದ್ರೂ ಹೇಳಿ ಅಯ್ನೋರೆ. ನೀವು ಹೇಳ್ತೀರಲ್ಲ, ಹಂಗೇ ಹೇಳಿ. ದೊಡ್ಡದು ಮಾಡಿ ಹೇಳಿ. ಇವತ್ತು ನಾನೇನೂ ಅನ್ನಲ್ಲ.”

ಎಲ್ಲರೂ ನನ್ನ ಕ‌ಡೆ ನೋಡಿದರು. ಆಂಡಾಳ್ ತಲೆತಗ್ಗಿಸಿದಳು. ಹೇಳಲು ನನ್ನ ಹತ್ತಿರ ಬೇಕಾದಷ್ಟಿತ್ತು. ಕಾರ್ಖಾನೆಯ ಬಾಯ್ಲರನ್ನು ಅವನು ಒಂದೇ ಸ್ಪ್ಯಾನರಿನಲ್ಲಿ ನಿಲ್ಲಿಸಿದ್ದು, ಜರ್ಮನಿಯ ಇಂಜಿನಿಯರು ಅವನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡದ್ದು, ನಡೆಯದೇ ಇದ್ದ ಇನ್ನೂ ಎಷ್ಟೋ ಸಂಗತಿಗಳು. ಬಾಯಿ ತೆರೆದೆ. ಒಂದೂ ಬರಲಿಲ್ಲ.

“ಹನ್ನೊಂದು ದಿನ ಬಂದ್ರು,” ಎಂದೆ.

“ಅಂದ್ರೆ?” ಎಂದ ನೆಂಟರಲ್ಲೊಬ್ಬ.

“ಆಮೇಲೆ. ಎಲ್ಲ ಸರಿಹೋದ್ಮೇಲೆ. ಹನ್ನೊಂದು ದಿನ ಬಂದ್ರು.”

ಹನುಮಕ್ಕ ಕಾದಳು. ಹನ್ನೊಂದು ನನ್ನ ಬಾಯಲ್ಲಿ ನೂರಹತ್ತಾಗುತ್ತದೆಂದು ಕಾದಳೋ ಏನೋ.

“ಅಷ್ಟೇನಾ ಅಯ್ನೋರೆ?”

“ಅಷ್ಟೇ ಹನುಮಕ್ಕ. ಹನ್ನೊಂದು ದಿನಾನೂ ಒಳಗೇ ಕೂತಿದ್ರು.”